ಹಳೆಯ ಸ್ಪೋರ್ಟಿ ಕಾರು: ಕೊಳ್ಳುವ ಮುನ್ನ

ಎಸ್.ಎಸ್. ಬಡಾವಣೆಯ ವರ್ತಕರೊಬ್ಬರ ಮಗ ಈಚೆಗೆ ಚಾಲನಾ ಪರವಾನಗಿ ಪಡೆದಿದ್ದಾನೆ. ಎರಡು ಬಾಗಿಲಿನ ಕೂಪೆ ಕಾರಿನ ಆಸೆ ಅವನದು; ನಮ್ಮ ಪೇಟೆಯಲ್ಲಿ ಅದು ಅಪರೂಪವಾದ್ದರಿಂದ ಅವನ ಆಯ್ಕೆ ಎರಡು ಹಳೆಯ ಕಾರುಗಳಿಗೆ ಬಂದು ನಿಂತಿದೆ: 1.2 ಲೀಟರಿನ ಪೋಲೊ ಜಿ.ಟಿ. ಟಿ.ಎಸ್.ಐ. ಮತ್ತು ಬಲೆನೊ ಆರ್.ಎಸ್.

ಶಕ್ತಿಯಲ್ಲಿ ಅಂತರ ಅಲ್ಪ. ಒಂದಕ್ಕೆ 105, ಇನ್ನೊಂದಕ್ಕೆ 102 ಅಶ್ವಶಕ್ತಿ. ವ್ಯತ್ಯಾಸವಿರುವುದು ಗೇರಿನಲ್ಲಿ. ಪೋಲೊದ ಏಳು ಗೇರಿನ ಸ್ವಯಂಚಾಲಿತ ವ್ಯವಸ್ಥೆ ಹೆದ್ದಾರಿಯಲ್ಲಿ ಬಲು ಸೊಗಸು, ಆದರೆ ಕೆಟ್ಟರೆ ದುರಸ್ತಿ ದುಬಾರಿ. ಬಲೆನೊದಲ್ಲಿ ಐದು ಗೇರುಗಳನ್ನು ಕೈಯಿಂದಲೇ ಬದಲಿಸಬೇಕು. ಕ್ಲಚ್ ಸವೆದರೆ ಊರಿನ ಮೆಕ್ಯಾನಿಕ್ಕೇ ಸರಿಪಡಿಸಬಲ್ಲ. ಬಲೆನೊ ಆರ್.ಎಸ್. ತಯಾರಿಕೆ 2020ರಲ್ಲಿ, ಪೋಲೊದ್ದು 2022ರಲ್ಲಿ ನಿಂತಿರುವುದರಿಂದ ಟರ್ಬೊ ಬಿಡಿಭಾಗಗಳ ಲಭ್ಯತೆಯನ್ನು ಮೊದಲೇ ವಿಚಾರಿಸತಕ್ಕದ್ದು. ಹೊಸ ಚಾಲಕನಿಗೆ ನಮ್ಮ ಸಲಹೆ ಬಲೆನೊ.

ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ವರ್ಗಾವಣೆಗೆ ನಮೂನೆ 29 ಮತ್ತು 30. ಸಾಲದ ಕಾರಾಗಿದ್ದರೆ ನಮೂನೆ 35ರೊಡನೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ. ವಿಮೆಯನ್ನು 14 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಅಂಗಡಿಯ ಕಾರನ್ನು ಮಾರುವ ವರ್ತಕರೂ ಇದನ್ನು ಗಮನಿಸಬೇಕು: ಕಾರು ಕೈಬದಲಾಗಿದ್ದರೂ, ಅಪಘಾತದ ದಿನ ನೋಂದಣಿಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ.