ದತ್ತಾಂಶದ ಮನೆಬದಲು

ಮನೆಮಂದಿಯ ಭಾವಚಿತ್ರಗಳನ್ನೂ ಕಡತಗಳನ್ನೂ ಮನೆಯ ಜಾಲದಲ್ಲಿ ಒಂದೆಡೆ ಕಾಪಿಡುವ ಪೆಟ್ಟಿಗೆಗೆ ‘ನ್ಯಾಸ್’ ಎಂದು ಹೆಸರು. ಅದರೊಳಗಣ ತಟ್ಟೆಗಳು ತುಂಬಿದಾಗ ದೊಡ್ಡ ಪೆಟ್ಟಿಗೆಯೊಂದನ್ನು ತಂದು ದತ್ತಾಂಶವನ್ನು ಸಾಗಿಸಬೇಕಾಗುವುದು. ಎಷ್ಟು ಹೊತ್ತು ಹಿಡಿದೀತು?

ದತ್ತಾಂಶವು 4 ಟೆರಾಬೈಟ್ ಇದೆಯೆನ್ನೋಣ. ಗಿಗಾಬಿಟ್ ಈಥರ್ನೆಟ್ ತಂತಿಯು ಸೆಕೆಂಡಿಗೆ 100 ಕೋಟಿ ಬಿಟ್‌ಗಳನ್ನು ಒಯ್ಯುವುದು. ಎಂಟು ಬಿಟ್ ಕೂಡಿದರೆ ಒಂದು ಬೈಟ್. ಆದುದರಿಂದ ವೇಗವು 125 ಮೆಗಾಬೈಟ್. ಒಂದೊಂದು ಪೊಟ್ಟಣಕ್ಕೂ ಅಂಟಿಸುವ ವಿಳಾಸ ಮೊದಲಾದವುಗಳ ಹೊರೆಯನ್ನು ಕಳೆದರೆ ಸುಮಾರು 110 ಉಳಿದೀತು. ಭಾಗಿಸಿ ನೋಡಿದರೆ 36,000 ಸೆಕೆಂಡಿಗೂ ಮೇಲೆ, ಅಂದರೆ ಹತ್ತು ಗಂಟೆ! ಲಕ್ಷಗಟ್ಟಲೆ ಚಿಕ್ಕ ಕಡತಗಳಿದ್ದರೆ ಇನ್ನೂ ನಿಧಾನ. ತಟ್ಟೆಯ ಮೇಲಣ ತೋಳು ಒಂದೊಂದಕ್ಕೂ ಅತ್ತಿತ್ತ ಓಡಾಡಬೇಕಷ್ಟೆ.

ಎರಡು ತಟ್ಟೆಗಳಲ್ಲಿ ಒಂದೇ ಪ್ರತಿಯಿರುವ ಪೆಟ್ಟಿಗೆಯಲ್ಲಿ ತಟ್ಟೆಗಳನ್ನು ಒಂದೊಂದಾಗಿ ಬದಲಿಸುವ ದಾರಿಯೂ ಉಂಟು. ನಮಗದು ಹಿಡಿಸದು. ಹೊಸ ತಟ್ಟೆ ತುಂಬುವವರೆಗೆ ಸಕಲ ಭಾರವೂ ಎಡೆಬಿಡದೆ ದುಡಿಯುವ ಹಳೆಯದೊಂದರ ಮೇಲೆಯೇ!

ನಕಲಾದೊಡನೆ ಕೆಲಸ ಮುಗಿಯಿತೆನ್ನುವಂತಿಲ್ಲ. ‘ಎಸ್‌ಎಚ್‌ಎ-256’ ಎಂಬ ಗಣಿತವಿಧಾನದಿಂದ ಎರಡೂ ಕಡೆಯ ಕಡತಗಳಿಗೆ 256 ಬಿಟ್‌ಗಳ ಮುದ್ರೆಯನ್ನು ತೆಗೆದು ಹೋಲಿಸಬೇಕು. ಕಡತದಲ್ಲಿ ಒಂದೇ ಬಿಟ್ ವ್ಯತ್ಯಾಸವಾದರೂ ಮುದ್ರೆ ಬೇರೆಯೇ ಆಗುವುದು. ಇದಕ್ಕಾಗಿ ಎಲ್ಲವನ್ನೂ ಪುನಃ ಓದಬೇಕು. ಮತ್ತೆ ಹಲವು ಗಂಟೆ. ಅಲ್ಲಿಯವರೆಗೆ ಹಳೆಯ ಪೆಟ್ಟಿಗೆಯನ್ನು ಅಳಿಸತಕ್ಕದ್ದಲ್ಲ.