ಮೋಟಾರಿಗಿಂತ ಮೊದಲು ಹುಟ್ಟು

ಪ್ರೀತಿಯ ಸೋದರಳಿಯನಿಗೆ,

ಇಂಗ್ಲೆಂಡಿನಲ್ಲಿ ಮಡಚುವ ದೋಣಿ ಕೊಂಡೆ ಎಂದು ತಿಳಿದು ಸಂತೋಷವಾಯಿತು. ಆದರೆ ಹುಟ್ಟು ಹಾಕಿ ಹಾಕಿ ತೋಳು ಸೋತರೂ ದೋಣಿ ಸಾಗುವುದಿಲ್ಲ, ಮೋಟಾರು ತರುತ್ತೇನೆ ಎಂದು ಬರೆದಿದ್ದೀಯ. ಸ್ವಲ್ಪ ತಾಳು. ಇದೇ ಬೇಸರದಲ್ಲಿರುವ ಬೇರೆ ಎಳೆಯರಿಗೂ ಉಪಯೋಗವಾಗಲಿ ಎಂದು ಈ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮಡಚುವ ದೋಣಿ ಹುಟ್ಟನ್ನು ನಂಬಿಯೇ ಬೆಳೆದದ್ದು. 19ನೇ ಶತಮಾನದಲ್ಲಿ ನೀನಿರುವ ದೇಶದ ರಮ್ಸಿ ಎಂಬ ಊರಿನ ಪಾದ್ರಿ ಎಡ್ವರ್ಡ್ ಲಯಾನ್ ಬರ್ಥನ್, ಹಡಗಿನಲ್ಲಿ ಜಾಗ ಉಳಿಯಲೆಂದು ಮರದ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿ ಮಡಚುವ ಜೀವರಕ್ಷಕ ದೋಣಿಗಳನ್ನು ರೂಪಿಸಿದರು. ಇಂದಿನ ದೋಣಿಗಳ ತೊಂದರೆ ಬೇರೆ. ಮಡಚಿದಾಗ ಹಲಗೆಯಷ್ಟು ತೆಳ್ಳಗಾಗಬೇಕೆಂಬ ಹಟದಲ್ಲಿ ಎಷ್ಟೋ ದೋಣಿಗಳಿಗೆ ಹುಟ್ಟನ್ನು ಗಿಡ್ಡ ಮಾಡಿ, ಎರಡು ತುಂಡಾಗಿಸಿ ಕೊಡುತ್ತಾರೆ. ಕಾಲಿಗೆ ಆಸರೆಯನ್ನೇ ಇಡುವುದಿಲ್ಲ. ಸೀಟು ಹೊಂದಿಸದ ಸೈಕಲ್ಲಿನಂತೆ ಅದು ದಣಿಸುತ್ತದೆ.

ಮೊದಲು ಕೂರುವ ಜಾಗ ಸರಿಪಡಿಸು. ಹುಟ್ಟು ಹಾಕುವವನ ಮುಖ ದೋಣಿಯ ಹಿಂಭಾಗಕ್ಕಿರುತ್ತದೆ. ಸೀಟಿನ ಆ ಕಡೆಯ ಅಂಚಿನಿಂದ ನಿನ್ನ ಮುಖದ ದಿಕ್ಕಿಗೆ ಸುಮಾರು 12 ಅಂಗುಲ ಮುಂದಕ್ಕೆ, ಸೀಟಿಗಿಂತ 7ರಿಂದ 9 ಅಂಗುಲ ಎತ್ತರದಲ್ಲಿ, ಹುಟ್ಟನ್ನು ಹಿಡಿದಿಡುವ ಓರ್‌ಲಾಕ್ ಇರಲಿ. ತಗ್ಗಾದರೆ ಹಿಡಿ ಮೊಣಕಾಲಿಗೆ ಬಡಿಯುತ್ತದೆ, ಎತ್ತರವಾದರೆ ಭುಜ ಸೋಲುತ್ತದೆ. ದೋಣಿಯ ಗೋಡೆ ತೆಳುವಾದ್ದರಿಂದ ಪ್ರತಿ ಎಳೆತಕ್ಕೂ ಬಾಗಿ, ನಿನ್ನ ಬಲದ ಒಂದು ಪಾಲನ್ನು ತಿನ್ನುತ್ತದೆ. ಒಳಗೊಂದು ಗಟ್ಟಿ ಮರದ ತುಂಡು ಕೊಟ್ಟು, ಅಗಲ ವಾಷರ್ ಹಾಕಿ ಆರಪಾರ ಬೋಲ್ಟ್ ಬಿಗಿ. ರಂಧ್ರ ಕೊರೆಯುವ ಮುಂಚೆ, ಆ ತುಂಡು ಇಟ್ಟುಕೊಂಡೇ ದೋಣಿ ಮಡಚಲು ಬರುತ್ತದೆಯೇ ನೋಡು.

ಎರಡನೆಯದು ಕಾಲಿನ ಆಸರೆ. ಹುಟ್ಟಿನ ಬಲ ಬರುವುದು ಕಾಲು ಮತ್ತು ಬೆನ್ನಿನಿಂದ. ತೋಳು ಬರೀ ಕೊಂಡಿ. ಪಾದ ಒತ್ತಲು ಏನೂ ಇಲ್ಲದಿದ್ದರೆ ಎಳೆದಾಗ ನೀನೇ ಸೀಟಿನ ಮೇಲೆ ಜಾರುತ್ತೀಯ. ಒಂದು ಮರದ ಪಟ್ಟಿಯ ಎರಡೂ ತುದಿಗೆ ಹಗ್ಗ ಕಟ್ಟಿ, ಅದನ್ನು ಸೀಟಿಗೆ ಬಿಗಿದರೆ ಸಾಕು. ಹಗ್ಗದ ಉದ್ದ ಬದಲಿಸಿದರೆ ಯಾರ ಕಾಲಿಗೂ ಹೊಂದುತ್ತದೆ, ದೋಣಿಗೆ ತೂತು ಕೊರೆಯಬೇಕಾಗಿಯೂ ಇಲ್ಲ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಸುಧಾರಣೆ ಬೇರೊಂದಿಲ್ಲ.

ಮೂರನೆಯದು ಹುಟ್ಟಿನ ಉದ್ದ. ದೋಣಿಗಾರರಲ್ಲಿ ಒಂದು ಲೆಕ್ಕ ಬಳಕೆಯಲ್ಲಿದೆ. ಎರಡು ಓರ್‌ಲಾಕ್‌ಗಳ ನಡುವಣ ಅಂತರದ ಅರ್ಧಕ್ಕೆ 2 ಅಂಗುಲ ಕೂಡಿಸಿದರೆ ಹುಟ್ಟಿನ ಒಳಭಾಗದ, ಅಂದರೆ ಓರ್‌ಲಾಕ್‌ನಿಂದ ಹಿಡಿಯ ತುದಿಯವರೆಗಿನ ಉದ್ದ. ಅದನ್ನು 25ರಿಂದ ಗುಣಿಸಿ 7ರಿಂದ ಭಾಗಿಸಿದರೆ ಇಡೀ ಹುಟ್ಟಿನ ಉದ್ದ. ಅಂತರ 42 ಅಂಗುಲವಿದ್ದರೆ ಒಳಭಾಗ 23, ಹುಟ್ಟು ಸುಮಾರು 82 ಅಂಗುಲ, ಅಂದರೆ 6 ಅಡಿ 10 ಅಂಗುಲ. ಸ್ಪ್ರೂಸ್ ಮರದ ಒಂದೇ ತುಂಡಿನ ಹುಟ್ಟಾದರೆ ಹಗುರ, ನಡುವೆ ಅಲುಗಾಡುವ ಜೋಡಣೆಯೂ ಇರುವುದಿಲ್ಲ. ಮಡಚಿದ ದೋಣಿಯ ಪಕ್ಕದಲ್ಲೇ ಕಟ್ಟಿ ಸಾಗಿಸಬಹುದು. ಓರ್‌ಲಾಕ್‌ಗೆ ತಾಗುವ ಕಡೆ ಚರ್ಮ ಸುತ್ತಿ, ಹುಟ್ಟು ಹೊರಕ್ಕೆ ಜಾರದಂತೆ ಒಂದು ಪಟ್ಟಿ ಕೂರಿಸು.

ಇನ್ನು ತೂಕ. ಸ್ನೇಹಿತನನ್ನು ಹಿಂದೆ ಕೂರಿಸಿದರೆ ದೋಣಿಯ ಮೂತಿ ಮೇಲೇಳುತ್ತದೆ, ಗಾಳಿ ಅದನ್ನು ಅತ್ತಿತ್ತ ತಿರುಗಿಸುತ್ತದೆ. ಆಗ ನೀನು ಮುಂದಿನ ಸೀಟಿಗೆ ಸರಿಯಬೇಕು. ಅಲ್ಲಿಗೂ ಒಂದು ಜೊತೆ ಓರ್‌ಲಾಕ್ ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಮೋಟಾರು ಬೇಕೆನಿಸಿದರೆ ತೆಗೆದುಕೋ, ನನ್ನ ಅಡ್ಡಿಯಿಲ್ಲ. ಆದರೆ ಮೋಟಾರು ನಡುನೀರಿನಲ್ಲಿ ನಿಂತರೆ ನಿನ್ನನ್ನು ದಡ ಸೇರಿಸುವುದು ಹುಟ್ಟೇ. ಲೈಫ್ ಜಾಕೆಟ್ ತೊಡದೆ ನೀರಿಗಿಳಿಯಬೇಡ, ಹುಟ್ಟುಗಳನ್ನು ದೋಣಿಗೆ ಕಟ್ಟದೆ ದಡ ಬಿಡಬೇಡ.

ನಿನ್ನ ಮಾವ