ಮೆಲ್ಲನೆ ಬಂದ ಚೆಂಡು ದೂರ ಹಾರುವುದು ಹೇಗೆ?

ಗೋಡೆಗೆ ವೇಗವಾಗಿ ಎಸೆದ ಚೆಂಡು ವೇಗವಾಗಿಯೇ ಹಿಂದಿರುಗುತ್ತದೆ. ಮೆಲ್ಲನೆ ಎಸೆದುದು ಮೆಲ್ಲನೆ ಹಿಂದಿರುಗುತ್ತದೆ. ಇದು ನಮ್ಮೆಲ್ಲರ ಅನುಭವ. ಹಾಗಿದ್ದಲ್ಲಿ, ಮೆಲ್ಲನೆ ತೇಲಿಬಂದ ಚೆಂಡನ್ನು ಮೈದಾನದ ಬೇಲಿಯಾಚೆಗೆ ಅಟ್ಟುವುದು ಹೇಗೆ ಸಾಧ್ಯ? ಸ್ಲೋ ಪಿಚ್ ಸಾಫ್ಟ್‌ಬಾಲ್ ಆಟ ಈ ಪ್ರಶ್ನೆಗೆ ಉತ್ತರವನ್ನೊದಗಿಸುತ್ತದೆ.

ಸಾಫ್ಟ್‌ಬಾಲ್ 1887ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ, ಬೇಸ್‌ಬಾಲಿನ ಒಳಾಂಗಣ ರೂಪವಾಗಿ ಹುಟ್ಟಿತು. ಅದರ ಸ್ಲೋ ಪಿಚ್ ಎಂಬ ಬಗೆಯಲ್ಲಿ ಎಸೆತಗಾರನು 50 ಅಡಿ ದೂರದಿಂದ, ಕೈಯನ್ನು ಕೆಳಗಿನಿಂದ ಬೀಸಿ, ಚೆಂಡು ಕಮಾನಿನಂತೆ ಏರಿ ಇಳಿಯುವಂತೆ ಎಸೆಯುತ್ತಾನೆ. ಚೆಂಡು ನೆಲದಿಂದ 10 ಅಡಿ ಎತ್ತರಕ್ಕೆ ಏರಿತೆಂದು ಭಾವಿಸೋಣ. ಅದು ದಾಂಡಿಗನನ್ನು ತಲಪುವಾಗ ಅದರ ವೇಗ ಗಂಟೆಗೆ ಸುಮಾರು 45 ಕಿ.ಮೀ.; ಇಳಿಯುವ ಓರೆ ಸುಮಾರು 30 ಡಿಗ್ರಿ.

ದಾಂಡು ಚೆಂಡಿಗೆ ತಾಕಿದಾಗ, ಹೊರಡುವ ಚೆಂಡಿನ ವೇಗಕ್ಕೆ ಎರಡು ಮೂಲಗಳಿರುತ್ತವೆ. ಚೆನ್ನಾಗಿ ತಾಕಿದ ಹೊಡೆತದಲ್ಲಿ ಬಂದ ಚೆಂಡಿನ ವೇಗದ ಸುಮಾರು 0.2 ಭಾಗವೂ, ದಾಂಡಿನ ವೇಗದ ಸುಮಾರು 1.2 ಪಾಲೂ ಕೂಡುತ್ತವೆ. ದಾಂಡಿನ ವೇಗ ಗಂಟೆಗೆ 110 ಕಿ.ಮೀ. ಆಗಿದ್ದರೆ, ಚೆಂಡಿನಿಂದ 9, ದಾಂಡಿನಿಂದ 132, ಒಟ್ಟು 141 ಕಿ.ಮೀ. ವೇಗ ದೊರೆಯುತ್ತದೆ. ಅಂದರೆ ಬಹುಪಾಲು ದಾಂಡಿನದೇ! ಚಿನ್ನಿದಾಂಡು ಆಡಿದವರಿಗೆ ಇದು ಹೊಸದಲ್ಲ. ನೆಲದಿಂದ ಚಿಮ್ಮಿದ ಚಿನ್ನಿಗೆ ಸ್ವಂತ ವೇಗ ಎಷ್ಟಿರುತ್ತದೆ?

ಆದುದರಿಂದ ದಾಂಡಿನ ವೇಗವನ್ನು ಹೆಚ್ಚಿಸುವುದೇ ಮುಖ್ಯ. ಭಾರವಾದ ದಾಂಡನ್ನು ಹಿಡಿದರೆ ಸಾಲದೆ? ಸಮಾನ ವೇಗದಲ್ಲಿ ಬೀಸಬಲ್ಲೆವಾದರೆ ಅದು ಮೇಲೇ ಸರಿ. ಆದರೆ ಹಿಡಿಯಿಂದ ಎರಡರಷ್ಟು ದೂರದಲ್ಲಿರುವ ತೂಕ ತಿರುಗುವಿಕೆಗೆ ನಾಲ್ಕರಷ್ಟು ತಡೆಯನ್ನೊಡ್ಡುತ್ತದೆ. ತುದಿಭಾರದ ದಾಂಡು ನಿಧಾನವಾಗಿ ತಿರುಗಿ, ತೂಕದಿಂದ ಗಳಿಸಿದುದನ್ನು ವೇಗದಲ್ಲಿ ಕಳೆಯುತ್ತದೆ. ತನ್ನ ಬಲಕ್ಕೆ ತಕ್ಕ ದಾಂಡನ್ನು ಆರಿಸುವುದೇ ಜಾಣತನ.

ಬಲವೆಂಬುದು ತೋಳಿನಲ್ಲಿ ಮಾತ್ರ ಇರುವುದೆಂದು ತಿಳಿಯುವುದೂ ತಪ್ಪು. ನುರಿತ ಆಟಗಾರನು ಕಾಲಿನಿಂದ ನೆಲವನ್ನು ಒತ್ತುತ್ತಾನೆ. ಮೊದಲು ಸೊಂಟ, ಅನಂತರ ಹೆಗಲು, ಆಮೇಲೆ ತೋಳು, ಕೊನೆಗೆ ದಾಂಡು ತಿರುಗುತ್ತವೆ. ದೊಡ್ಡ ಸ್ನಾಯುಗಳು ಹುಟ್ಟಿಸಿದ ಚಲನೆ ಹಂತಹಂತವಾಗಿ ಹಗುರವಾದ ಅಂಗಗಳಿಗೆ ದಾಟುತ್ತ, ಚಾವಟಿಯ ತುದಿಯಂತೆ ದಾಂಡನ್ನು ವೇಗಗೊಳಿಸುತ್ತದೆ. ಈ ಕ್ರಮ ತಪ್ಪಿದರೆ ಬಲಶಾಲಿಯ ಹೊಡೆತವೂ ಸಪ್ಪೆಯಾಗುತ್ತದೆ.

ಇನ್ನು ದಿಕ್ಕಿನ ವಿಷಯ. ಚೆಂಡು ಓರೆಯಾಗಿ ಇಳಿಯುವುದರಿಂದ, ದಾಂಡು ತುಸು ಮೇಲ್ಮುಖವಾಗಿ ಅದರ ದಾರಿಗೆ ಎದುರಾಗಿ ಬರಬೇಕು. ಗಾಳಿಯ ತಡೆಯಿರುವಾಗ ಅತಿ ದೂರ ಹೋಗಲು ತಕ್ಕ ಕೋನ 45 ಡಿಗ್ರಿಯಲ್ಲ, ಅದಕ್ಕಿಂತ ಕಡಿಮೆ; ಹೆಚ್ಚು ಕಡಿಮೆ ಚೆಂಡು ಇಳಿದುಬಂದ ಓರೆಯೇ. ದಾಂಡಿನ ತುದಿಯಿಂದ ಸುಮಾರು 6 ಅಂಗುಲ ಒಳಗೆ ತಾಕಿದರೆ ಶಕ್ತಿ ಕಂಪನದಲ್ಲಿ ಪೋಲಾಗದು, ಕೈಯೂ ಜುಮ್ಮೆನ್ನದು.

ಮರದ ದಾಂಡಿಗೆ ತಾಕಿದಾಗ ಚೆಂಡೇ ಅದುಮಿಕೊಂಡು, ಶಕ್ತಿಯ ದೊಡ್ಡ ಪಾಲು ಶಾಖವಾಗಿ ನಷ್ಟವಾಗುತ್ತದೆ. ಟೊಳ್ಳಾದ ಲೋಹದ ದಾಂಡಿನ ತೆಳುಗೋಡೆಯಾದರೋ ಸ್ಪ್ರಿಂಗಿನಂತೆ ಬಾಗಿ, ಆ ಶಕ್ತಿಯನ್ನು ಮರಳಿಸುತ್ತದೆ. ಈ ಲಾಭಕ್ಕೆ ಎಲ್ಲೆ ಬೇಕೆ? ಅಮೆರಿಕದ ಹವ್ಯಾಸಿ ಸಾಫ್ಟ್‌ಬಾಲ್ ಸಂಘವು ತನ್ನ 2004ರ ಪರೀಕ್ಷಾ ನಿಯಮದಲ್ಲಿ, ದಾಂಡಿನಿಂದ ಹೊರಡುವ ಚೆಂಡಿನ ವೇಗಕ್ಕೆ ಗಂಟೆಗೆ 98 ಮೈಲಿಯ, ಎಂದರೆ ಸುಮಾರು 158 ಕಿ.ಮೀ.ನ, ಮಿತಿಯನ್ನು ವಿಧಿಸಿತು. ಈ ವೇಗದ ಚೆಂಡಿಗೆ 50 ಅಡಿ ದಾಟಲು ಬೇಕಾದ ಕಾಲ ಸುಮಾರು 0.35 ಸೆಕೆಂಡು ಮಾತ್ರ. ಎಸೆತಗಾರನು ಚೆಂಡನ್ನು ಕಂಡು, ಕೈಯೆತ್ತಿ, ತನ್ನ ಮುಖವನ್ನು ಕಾಪಾಡಿಕೊಳ್ಳಲು ದೊರೆಯುವ ಅವಕಾಶ ಅಷ್ಟೆ. ಶಕ್ತಿಯನ್ನು ಹೆಚ್ಚಿಸುವ ವಿಜ್ಞಾನವೇ ಅದಕ್ಕೊಂದು ಮೇರೆಯನ್ನೂ ಗೊತ್ತುಮಾಡುವುದನ್ನು ನಾವು ಇಲ್ಲಿ ಕಾಣುತ್ತೇವೆ.